ನಾಯಕರು ಕೈಕುಲುಕಿದರು, ನಾವು ಮಾತು ಬಿಟ್ಟೆವು

ಫೋರ್ಟ್‌ನಲ್ಲಿರುವ ನಮ್ಮ ಆಫೀಸಿನಿಂದ ಹುತಾತ್ಮ ಚೌಕದ ಕಡೆಗೆ ಐದು ನಿಮಿಷ ನಡೆದರೆ ಒಂದು ಹಳೆಯ ಉಡುಪಿ ಹೋಟೆಲ್ ಸಿಗುತ್ತದೆ. ಮಧ್ಯಾಹ್ನ ಒಂದೂವರೆಗೆ ಅಲ್ಲಿ ನಾವು ಆರು ಜನ ಕನ್ನಡಿಗರು ಊಟಕ್ಕೆ ಸೇರುತ್ತಿದ್ದೆವು. ಬ್ಯಾಂಕಿನವರು ಇಬ್ಬರು, ಉಳಿದವರು ನನ್ನಂತೆ ಸಾಫ್ಟ್‌ವೇರ್‌ನವರು. ಈಗ ಐದೇ ಜನ. ಆರನೆಯವನು ಬರುವುದನ್ನು ಬಿಟ್ಟದ್ದಕ್ಕೆ ಕಾರಣ ನಾನು.

2024ರ ಮೇ 20ರಂದು ಮುಂಬೈಯಲ್ಲಿ ಲೋಕಸಭೆ ಚುನಾವಣೆಯ ಮತದಾನ. ಅದಕ್ಕೆ ಎರಡು ತಿಂಗಳು ಮೊದಲೇ ನಾನು ಒಂದು ಪಕ್ಷದ ಪ್ರಚಾರಕ್ಕೆ ಇಳಿದಿದ್ದೆ. ಯಾರೂ ಕರೆದಿರಲಿಲ್ಲ, ಪಕ್ಷದ ಸದಸ್ಯನೂ ಅಲ್ಲ. ಡೊಂಬಿವಿಲಿಯಿಂದ ಸಿಎಸ್‌ಎಂಟಿವರೆಗಿನ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಫಾರ್ವರ್ಡ್ ಮಾಡುವುದು ನನ್ನ ಕೆಲಸವಾಗಿತ್ತು. ಮತದಾನ ಮುಗಿಯುವ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲಬೇಕೆಂದು ಕಾನೂನಿದೆ. ಬೀದಿಯ ಧ್ವನಿವರ್ಧಕಗಳು ನಿಂತವು, ನನ್ನ ಹೆಬ್ಬೆರಳು ನಿಲ್ಲಲಿಲ್ಲ.

ಒಂದು ದಿನ ಎದುರಾಳಿ ನಾಯಕರೊಬ್ಬರ ಇಪ್ಪತ್ತು ಸೆಕೆಂಡಿನ ಭಾಷಣದ ತುಣುಕನ್ನು ನಮ್ಮ ಊಟದ ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. 'ಪೂರ್ತಿ ಭಾಷಣ ಕೇಳಿದೆಯೇನೋ?' ಎಂದು ಗೆಳೆಯನೊಬ್ಬ ಕೇಳಿದ. ಎಂ.ಟೆಕ್ ಓದುವಾಗ ಎರಡು ವರ್ಷ ನನ್ನ ಜೊತೆ ಒಂದೇ ಹಾಸ್ಟೆಲ್ ಕೋಣೆಯಲ್ಲಿದ್ದವನು. ನಾನು ಮುಂಬೈಗೆ ಬಂದ ಹೊಸತರಲ್ಲಿ ಒಂದು ತಿಂಗಳು ಮಲಗಿದ್ದೂ ಅವನ ಮನೆಯಲ್ಲೇ. ಅಂಥವನಿಗೆ ನಾನು ಬರೆದ ಉತ್ತರ: 'ನಿನ್ನಂಥವರಿಂದಲೇ ದೇಶ ಹಾಳಾಗಿರೋದು. ಎಷ್ಟು ದುಡ್ಡು ಕೊಟ್ಟಿದ್ದಾರೆ ನಿನಗೆ?'

ಅವನು ಏನೂ ಹೇಳದೆ ಗುಂಪಿನಿಂದ ಹೊರಹೋದ. ಮರುದಿನದಿಂದ ಊಟಕ್ಕೂ ಬರಲಿಲ್ಲ. ಫಲಿತಾಂಶ ಬಂದ ಮೇಲೆ ಪೂರ್ತಿ ಭಾಷಣ ಕೇಳಿದೆ. 'ವಿರೋಧಿಗಳು ಹೀಗೆ ಹೇಳುತ್ತಾರೆ' ಎಂದು ಆ ನಾಯಕರು ಉಲ್ಲೇಖಿಸಿದ್ದ ಮಾತನ್ನಷ್ಟೇ ಯಾರೋ ಕತ್ತರಿಸಿದ್ದರು. ಟೆಸ್ಟ್ ಮಾಡದೆ ಒಂದು ಸಾಲು ಕೋಡನ್ನೂ ಹೊರಬಿಡದ ನಾನು, ಅದನ್ನು ನೂರಾರು ಜನರಿಗೆ ತಲುಪಿಸಿದ್ದೆ.

ಆ ವರ್ಷ ಆಗಸ್ಟ್‌ನಲ್ಲಿ ಹೋಟೆಲಿನ ಶೆಟ್ರು ಗಲ್ಲಾದಲ್ಲಿ ಕೂತು ಕೇಳಿದರು: 'ನಿಮ್ಮ ದೋಸ್ತಿಯ ಅಪ್ಪ ತೀರಿಕೊಂಡ್ರಂತಲ್ಲ, ನೀವು ಊರಿಗೆ ಹೋಗಿರಲಿಲ್ವಾ?' ಅಷ್ಟರಲ್ಲಿ ಹದಿಮೂರನೇ ದಿನದ ಕಾರ್ಯವೂ ಮುಗಿದಿತ್ತು. ಹಾಸ್ಟೆಲಿಗೆ ಬಂದಾಗಲೆಲ್ಲ ನನಗೂ ಒಂದು ಡಬ್ಬಿ ಚುರುಮುರಿ ತರುತ್ತಿದ್ದ ಮನುಷ್ಯ ಅವರು.

ನಡೆದದ್ದನ್ನೆಲ್ಲ ಶೆಟ್ರಿಗೆ ಹೇಳಿದೆ. ಅವರು 1967ರ ಕಥೆ ತೆಗೆದರು. ಆಗ ಅವರು ಫೋರ್ಟ್‌ನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತ, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದ ಹುಡುಗ. ದಕ್ಷಿಣ ಬಾಂಬೆ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರ ಎದುರು ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ ನಿಂತಿದ್ದರು. ಪಾಟೀಲರೆಂದರೆ ಮುಂಬೈಯ ಪಟ್ಟವಿಲ್ಲದ ರಾಜ. ಜಾರ್ಜ್, ಟ್ಯಾಕ್ಸಿ ಚಾಲಕರನ್ನೂ ಪಾಲಿಕೆ ಕಾರ್ಮಿಕರನ್ನೂ ಸಂಘಟಿಸಿದ 36 ವರ್ಷದ ಸಮಾಜವಾದಿ. ಪಾಟೀಲರನ್ನೂ ನೀವು ಸೋಲಿಸಬಹುದು ಎಂಬ ಭಿತ್ತಿಪತ್ರಗಳನ್ನು ಶೆಟ್ರು ರಾತ್ರಿಯಿಡೀ ಅಂಟಿಸಿದರಂತೆ. ಜಾರ್ಜ್ ಗೆದ್ದರು.

'ನಮ್ಮ ಅಡುಗೆಭಟ್ಟ ಪಾಟೀಲರ ಕಡೆ. ಹಗಲು ಜಗಳ, ರಾತ್ರಿ ಇಬ್ಬರೂ ಒಂದೇ ಚಾಪೆಯಲ್ಲಿ. ಅಂಟು ಹಚ್ಚಿದ್ದು ಗೋಡೆಗೆ ಮಾರಾಯ್ರೆ, ಮಂಡೆಗೆ ಅಲ್ಲ' ಎಂದರು ಶೆಟ್ರು.

ಮುಂದೆ ಆದದ್ದು ಇನ್ನೂ ಸ್ವಾರಸ್ಯಕರ. 1969ರಲ್ಲಿ ಕಾಂಗ್ರೆಸ್ ಒಡೆದಾಗ ಪಾಟೀಲರು ಇಂದಿರಾ ಗಾಂಧಿಯವರ ವಿರುದ್ಧದ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. 1971ರ ಚುನಾವಣೆಯಲ್ಲಿ ಆ ಪಕ್ಷವೂ ಜಾರ್ಜ್ ಅವರ ಸಂಯುಕ್ತ ಸಮಾಜವಾದಿ ಪಕ್ಷವೂ ಒಂದೇ ಮಹಾಮೈತ್ರಿಯಲ್ಲಿದ್ದವು. ಭಿತ್ತಿಪತ್ರದ ಅಂಟು ಒಣಗಿ ನಾಲ್ಕು ವರ್ಷ ಆಗಿತ್ತಷ್ಟೆ.

ಇದು ಹಳೆಯ ಕಾಲದ ಮಾತಲ್ಲ. ಇದೇ ದಕ್ಷಿಣ ಮುಂಬೈಯಲ್ಲಿ 2019ರಲ್ಲಿ ಬಿಜೆಪಿ ಮೈತ್ರಿಯ ಶಿವಸೇನೆಯಿಂದ ಅರವಿಂದ ಸಾವಂತ್, ಕಾಂಗ್ರೆಸ್ಸಿನಿಂದ ಮಿಲಿಂದ್ ದೇವರಾ ಎದುರಾಳಿಗಳು. 2024ರ ಹೊತ್ತಿಗೆ ಸಾವಂತ್ ಕಾಂಗ್ರೆಸ್ ಬೆಂಬಲದ ಉದ್ಧವ್ ಸೇನೆಯ ಅಭ್ಯರ್ಥಿ. ದೇವರಾ ಬಿಜೆಪಿ ಜೊತೆಗಿನ ಶಿಂದೆ ಸೇನೆಯಲ್ಲಿ. 2019ರಲ್ಲಿ ಇವರಿಗಾಗಿ ನೆಂಟಸ್ತನ ಕಡಿದುಕೊಂಡವರು ಯಾರ ಬಳಿ ಲೆಕ್ಕ ಕೇಳಬೇಕು?

ನಾಯಕರು ಬದಲಾದದ್ದೆಲ್ಲ ದ್ರೋಹ ಎಂದು ನಾನು ಹೇಳುತ್ತಿಲ್ಲ. ಮೈತ್ರಿ, ಒಡಕು, ರಾಜಿ ಎಲ್ಲವೂ ಪ್ರಜಾಪ್ರಭುತ್ವದ ಭಾಗವೇ. ಭಿತ್ತಿಪತ್ರ ಅಂಟಿಸುವ ಹುಡುಗರಿಲ್ಲದಿದ್ದರೆ ಪಾಟೀಲರಂಥವರು ಸೋಲುವುದೂ ಇಲ್ಲ. ಆದರೆ ಗೆಳೆಯನ ಮೇಲೆ ಲಂಚದ ಆರೋಪ ಹೊರಿಸು ಎಂದು ಯಾವ ನಾಯಕರೂ ನನಗೆ ಹೇಳಿರಲಿಲ್ಲ. ಅದು ಪೂರ್ತಿ ನನ್ನದೇ ಉತ್ಸಾಹ.

ಬೈದದ್ದು ಎಲ್ಲರೆದುರು, ಆದ್ದರಿಂದ ಕ್ಷಮೆಯನ್ನೂ ಅದೇ ಗುಂಪಿನಲ್ಲಿ ಬರೆದೆ. ಆ ತುಣುಕು ಸುಳ್ಳೆಂದು, ಅದನ್ನು ಕಳಿಸಿದವರಿಗೆಲ್ಲ ಮತ್ತೆ ಬರೆದೆ. ಹೆಚ್ಚಿನವರು ಉತ್ತರಿಸಲಿಲ್ಲ, ಇಬ್ಬರು ನನ್ನನ್ನೇ ಮಾರಿಕೊಂಡವನೆಂದರು. ಗೆಳೆಯನಿಗೆ ಪ್ರತ್ಯೇಕವಾಗಿ ಕಳಿಸಿದ ಸಂದೇಶಕ್ಕೆ ಎರಡು ನೀಲಿ ಗೆರೆ ಬಿದ್ದಿವೆ, ಉತ್ತರ ಬಂದಿಲ್ಲ.

ನಿಮ್ಮೂರಲ್ಲೂ ಇಂದಲ್ಲ ನಾಳೆ ಚುನಾವಣೆ ಬರುತ್ತದೆ. ನಿಮ್ಮವರ ಪರ ಜೋರಾಗಿಯೇ ಮಾತಾಡಿ. ಪಕ್ಕದ ಮನೆಯವರು ನಾಳೆ ನಿಮ್ಮ ಮನೆಯ ಕಷ್ಟಕ್ಕೆ ಬರುವಂತೆ ಮಾತಾಡಿ. ಶೆಟ್ರು ಈಗಲೂ ನಮ್ಮ ಮೇಜಿಗೆ ಆರು ಲೋಟ ನೀರು ಇಡಿಸುತ್ತಾರೆ.