ನೊರೆಯಿಂದ ಮೂಡಿದ ದೇವಿ

ಪಾವಗಡ ತಾಲ್ಲೂಕಿನ ತಿರುಮಣಿಯ ಬಯಲಿನಲ್ಲಿ ಇಂದು ಸುಮಾರು 13,000 ಎಕರೆಯಷ್ಟು ಸೌರಫಲಕಗಳು ಸೂರ್ಯೋದಯವನ್ನು ಕಾಯುತ್ತವೆ. ವರ್ಷದ ಕೆಲವು ತಿಂಗಳು, ಸೂರ್ಯನಿಗಿಂತ ಮೊದಲೇ ಆ ಬಯಲಿನ ಮೂಡಣದಲ್ಲಿ ಒಂದು ಬೆಳಕು ಕಾಣಿಸಿಕೊಳ್ಳುತ್ತದೆ. ನಮ್ಮ ರೈತ ಅದನ್ನು ಬೆಳ್ಳಿ ಎಂದು ಕರೆದ. ಬೆಳ್ಳಿ ಮೂಡುವ ಹೊತ್ತಿಗೆ ನೇಗಿಲು ಹೂಡಿದ. ಪಂಚಾಂಗ ಅದನ್ನು ಶುಕ್ರ ಎಂದಿತು, ದೈತ್ಯರ ಗುರುವನ್ನಾಗಿಸಿತು. ಗ್ರೀಕರು ಅದೇ ಬೆಳಕನ್ನು ಅಫ್ರೊಡೈಟಿಯ ತಾರೆ ಎಂದರು. ಒಲವಿಗೂ ಚೆಲುವಿಗೂ ಒಡತಿಯಾದ ದೇವಿ ಆಕೆ.

ಈ ದೇವಿಯ ಹುಟ್ಟಿನ ಕಥೆ ಮೃದುವಾದುದಲ್ಲ. ಹೆಸಿಯಡ್ ಕವಿ ಹೇಳುವಂತೆ, ಆಕಾಶದೇವ ಯುರೇನಸ್‌ನನ್ನು ಅವನ ಮಗ ಕ್ರೋನಸ್ ಕುಡುಗೋಲಿನಿಂದ ಅಂಗಹೀನನನ್ನಾಗಿಸಿ, ಕತ್ತರಿಸಿದ್ದನ್ನು ಕಡಲಿಗೆಸೆದ. ಅದರ ಸುತ್ತ ಎದ್ದ ನೊರೆಯಲ್ಲಿ ಒಬ್ಬ ಕನ್ಯೆ ರೂಪುಗೊಂಡಳು. ಅವಳು ಸೈಪ್ರಸ್ ದ್ವೀಪದ ದಡವೇರಿದಾಗ ಪಾದದಡಿಯಲ್ಲಿ ಹುಲ್ಲು ಚಿಗುರಿತಂತೆ. ಹೋಮರನಾದರೋ ಅವಳನ್ನು ಜ್ಯೂಸ್ ಮತ್ತು ಡಿಯೋನೆಯರ ಮಗಳೆನ್ನುತ್ತಾನೆ. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ನೊರೆಯ ಕಥೆಯೇ. ಕ್ರೌರ್ಯದ ಕಡಲಿನಿಂದ ಚೆಲುವು ಎದ್ದು ಬರಬಹುದೆಂಬ ಮಾತನ್ನು ಮರೆಯುವುದು ಸುಲಭವಲ್ಲ.

ಇಲ್ಲಿ ನಮಗೆ ಕ್ಷೀರಸಾಗರದ ಮಥನ ನೆನಪಾಗದಿರದು. ಅಲ್ಲಿಯೂ ಹಾಲಾಹಲ ಕಾರಿದ ಕಡಲೇ ಲಕ್ಷ್ಮಿಯನ್ನು ಕೊಟ್ಟಿತು. ಲ್ಯಾಟಿನ್ ಭಾಷೆಯಲ್ಲಿ ಶುಕ್ರವಾರವು ವೀನಸ್‌ಳ ದಿನ; ನಮ್ಮ ಮನೆಗಳಲ್ಲಿ ಅದು ಲಕ್ಷ್ಮಿಯ ದಿನ. ಹೀಗಿದ್ದರೂ ಇವರಿಬ್ಬರೂ ಒಬ್ಬಳೇ ಎಂದು ಹೇಳಿಬಿಡುವುದು ಅವಸರವಾದೀತು. ಲಕ್ಷ್ಮಿ ಸಮೃದ್ಧಿಯ ದೇವಿ, ವಿಷ್ಣುವಿನ ವಕ್ಷಸ್ಥಳದಲ್ಲಿ ನೆಲೆನಿಂತವಳು. ಅಫ್ರೊಡೈಟಿ ಕುಂಟನಾದ ಕಮ್ಮಾರದೇವ ಹೆಫಿಸ್ಟಸ್‌ನ ಕೈಹಿಡಿದು, ಯುದ್ಧದೇವ ಏರೀಸನಿಗೆ ಒಲಿದವಳು. ಸೇಬಿನ ಆಸೆಗೆ ಪ್ಯಾರಿಸನಿಗೆ ಹೆಲೆನಳನ್ನು ಒದಗಿಸಿ ಟ್ರಾಯ್ ನಗರದ ನಾಶಕ್ಕೆ ಕಾರಣಳಾದವಳೂ ಅವಳೇ.

ಆ ಯುದ್ಧದಲ್ಲಿ ಹೋಮರ್ ಅವಳನ್ನೂ ಗಾಯಗೊಳಿಸುತ್ತಾನೆ. ಮಗ ಈನಿಯಸ್‌ನನ್ನು ತೋಳಿನಲ್ಲಿ ಮರೆಮಾಡಿಕೊಂಡು ಹೊರಟ ತಾಯಿಯ ಕೈಯನ್ನು ಡಯೊಮಿಡೀಸನ ಈಟಿ ಇರಿಯುತ್ತದೆ. ಒಲವು ಸಂಹಾರಕ್ಕೆ ಕಾರಣವಾಗಬಲ್ಲುದು, ಒಲವಿಗೂ ನೋವುಂಟು.

ನಮ್ಮವರು ಈ ಶಕ್ತಿಯನ್ನು ಒಬ್ಬ ದೇವಿಯಲ್ಲಿ ಕೂಡಿಸಿಡಲಿಲ್ಲ, ಹಂಚಿದರು. ಸಿರಿ ಲಕ್ಷ್ಮಿಯದಾಯಿತು, ತಾರೆ ಶುಕ್ರನದಾಯಿತು, ಬಯಕೆ ಕಾಮನದಾಯಿತು, ಅಗಲಿಕೆಯ ಕಣ್ಣೀರು ರತಿಯ ಪಾಲಿಗೆ ಬಂತು. ಅಡೋನಿಸನನ್ನು ಕಾಡುಹಂದಿ ಕೊಂದಾಗ ಅಫ್ರೊಡೈಟಿ ಗೋಳಿಟ್ಟಳು; ಹರನ ಕಣ್ಣಿನ ಬೆಂಕಿಯಲ್ಲಿ ಕಾಮ ಬೂದಿಯಾದಾಗ ರತಿ ಗೋಳಿಟ್ಟಳು. ಹರಿಹರನ ಗಿರಿಜಾಕಲ್ಯಾಣವನ್ನು ಓದಿದವರಿಗೆ ಆ ವಿಲಾಪ ಹೊಸದಲ್ಲ. ಆದರೆ ನಮ್ಮ ಕಾಮ ಸಾಯಲಿಲ್ಲ, ಅನಂಗನಾದ. ಮೈಯಿಲ್ಲದೆ ಎಲ್ಲ ಮೈಗಳಲ್ಲಿಯೂ ನೆಲೆಸಿದ. ಹದಿಮೂರನೆಯ ಶತಮಾನದ ಆಂಡಯ್ಯನಾದರೋ, ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟ ಅಚ್ಚಗನ್ನಡದ ಕಬ್ಬಿಗರ ಕಾವದಲ್ಲಿ ಕಾಮನಿಂದಲೇ ಶಿವನನ್ನು ಸೋಲಿಸಿ, ಅರ್ಧನಾರಿಯನ್ನಾಗಿಸಿದ. ಗ್ರೀಕ್ ನಾಟಕಕಾರ ಯೂರಿಪಿಡೀಸ್ ಹೇಳಿದ್ದೂ ಬೇರೆಯಲ್ಲ: ಅಫ್ರೊಡೈಟಿಯನ್ನು ಧಿಕ್ಕರಿಸಿದ ಹಿಪೊಲಿಟಸ್ ಅವನ ಕುದುರೆಗಳಿಂದಲೇ ನಾಶವಾಗುತ್ತಾನೆ. ಈ ಶಕ್ತಿಯನ್ನು ಪೂರ್ತಿಯಾಗಿ ಗೆಲ್ಲಬಹುದೆಂಬ ಹಮ್ಮನ್ನು ಎರಡು ನಾಡಿನ ಕವಿಗಳೂ ಮುರಿದರು.

ಈ ಎರಡು ಲೋಕಗಳು ಒಮ್ಮೆ ಒಂದೇ ಸೂರಿನಡಿ ಇದ್ದವು. ಇಟಲಿಯ ಪೊಂಪೆ ನಗರ ವೀನಸ್‌ಳ ರಕ್ಷಣೆಯಲ್ಲಿತ್ತು. ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿದು ಆ ನಗರ ಬೂದಿಯಲ್ಲಿ ಹೂತುಹೋಯಿತು. 1938ರಲ್ಲಿ ಅಲ್ಲಿನ ಮನೆಯೊಂದನ್ನು ಅಗೆದಾಗ ದೊರೆತದ್ದು ಭಾರತದ ದಂತದ ಸ್ತ್ರೀವಿಗ್ರಹ. ಮೊದಲು ಅವಳನ್ನು ಲಕ್ಷ್ಮಿಯೆಂದರು. ಅನಂತರ ಯಕ್ಷಿಯಿರಬಹುದೆಂಬ ಅಭಿಪ್ರಾಯವೂ ಬಂತು. ನಮ್ಮ ನೆರೆಯ ಚಿತ್ರದುರ್ಗದ ಚಂದ್ರವಳ್ಳಿಯ ನೆಲದಲ್ಲಿ ರೋಮನರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅಲ್ಲಿಂದ ಬೆಳ್ಳಿ ಬಂತು, ಇಲ್ಲಿಂದ ಚೆಲುವು ಹೋಯಿತು. ವೀನಸ್‌ಳ ನಗರದಲ್ಲಿ ಅವಳ ಈ ದೂರದ ಸೋದರಿಯನ್ನು ಯಾರೋ ಜೋಪಾನವಾಗಿ ಇರಿಸಿಕೊಂಡಿದ್ದರು. ಹೆಸರು ಗೊತ್ತಿಲ್ಲದಿದ್ದರೂ ಚೆಲುವನ್ನು ಮನೆಯೊಳಕ್ಕೆ ಕರೆಯಬಹುದಲ್ಲವೆ?

ನಸುಕಿನಲ್ಲಿ ಬೆಳ್ಳಿ ಮೂಡಿದಾಗ ಒಮ್ಮೆ ತಲೆಯೆತ್ತಿ ನೋಡಿ. ಗುರುವೆಂದರೂ ದೇವಿಯೆಂದರೂ ಬೆಳಕು ಒಂದೇ. ನೋಡುವವರ ಬಾಳಿನ ಬಯಕೆಯಂತೆ ಅದರ ಹೆಸರು ಬೇರೆ.