ಗಿರಿಗೆ ಹೊರಟವರ ಅಂಗಡಿ

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಅಂಗಡಿ. ಬೂಟು, ರೇನ್‌ಕೋಟು, ಬೆನ್ನಿಗೆ ಹಾಕುವ ಬ್ಯಾಗು, ಟೆಂಟು, ಹಣೆಗೆ ಕಟ್ಟುವ ಟಾರ್ಚು, ದುರ್ಬೀನು, ಇಂಬಳ ಹತ್ತದಂತೆ ಹಾಕುವ ಕಾಲುಚೀಲ. ಹೀಗೆ ಬೆಟ್ಟ ಹತ್ತುವವರಿಗೆ, ಕೆರೆ ತೋಟಗಳ ಕಡೆ ತಿರುಗಾಡುವವರಿಗೆ ಬೇಕಾದ ಸಾಮಾನು ಇಲ್ಲಿ ಸಿಗುತ್ತದೆ. ಒಳಗೆ ಬಂದ ಮಕ್ಕಳು ಮೊದಲು ಕೇಳುವುದು, “ಅಂಕಲ್, ಈ ಟೆಂಟಿನೊಳಗೆ ಹೋಗಬಹುದಾ?” ಎಂದು. ಜೊತೆಯಲ್ಲಿ ಬಂದ ಅಜ್ಜಂದಿರು ಮೊದಲು ಹೇಳುವುದು, “ಇದಕ್ಕೆಲ್ಲ ಇಷ್ಟು ದುಡ್ಡಾ? ನಾವು ಬರಿಗಾಲಲ್ಲೇ ಗಿರಿ ಹತ್ತಿದವರು ಮಾರಾಯ!” ಎಂದು.

ಮಕ್ಕಳಿಗೆ ನಾನು ಟೆಂಟಿನ ಜಿಪ್ ತೆಗೆದುಕೊಡುತ್ತೇನೆ. ಅಜ್ಜಂದಿರ ಮಾತಿಗೆ ಮಾತ್ರ ಸ್ವಲ್ಪ ಕೂತು ಉತ್ತರ ಹೇಳಬೇಕಾಗುತ್ತದೆ. ಏಕೆಂದರೆ ಅವರು ಹೇಳುವುದರಲ್ಲಿ ಅರ್ಧ ನಿಜ. ಬೆಟ್ಟಕ್ಕೆ ಹೋಗಲು ದುಬಾರಿ ಸಾಮಾನು ಬೇಕಿಲ್ಲ. ಆದರೆ ಮೈ ಒದ್ದೆಯಾಗದೆ, ಬೆಚ್ಚಗೆ ಇರಬೇಕು, ಕಾಲು ಜಾರಬಾರದು. ಹಿಂದಿನವರು ಬರಿಗೈಯಲ್ಲಿ ಹೋದವರಲ್ಲ. ಅವರ ಸಾಮಾನು ಬೇರೆ ಇತ್ತು, ಅಷ್ಟೆ.

ಗೊರಬು, ಕಂಬಳಿ, ರೇನ್‌ಕೋಟು

ಮಲೆನಾಡಿನಲ್ಲಿ ನಾಟಿ ಮಾಡುವ ಹೆಂಗಸರು ಗೊರಬು ಹಾಕಿಕೊಳ್ಳುತ್ತಿದ್ದುದು ಅಜ್ಜಿಯರಿಗೆ ನೆನಪಿರುತ್ತದೆ. ಬಿದಿರಿನ ಹಂದರಕ್ಕೆ ಎಲೆ ಹೊದಿಸಿ ಮಾಡಿದ, ತಲೆಯಿಂದ ಸೊಂಟದವರೆಗೆ ಬೆನ್ನು ಮುಚ್ಚುವ ಹೊದಿಕೆ ಅದು. ಬೆನ್ನ ಮೇಲೆ ಮಳೆ ಸುರಿದರೂ ಎರಡು ಕೈ ಕೆಲಸಕ್ಕೆ ಬಿಡುವಾಗಿರುತ್ತಿತ್ತು. ಮುಂಭಾಗ ತೆರೆದಿರುವುದರಿಂದ ಗಾಳಿ ಆಡುತ್ತಿತ್ತು, ಮೈ ಬೆವರುತ್ತಿರಲಿಲ್ಲ.

ಅಗ್ಗದ ಪ್ಲಾಸ್ಟಿಕ್ ರೇನ್‌ಕೋಟಿನ ತೊಂದರೆಯೇ ಅದು. ಹೊರಗಿನ ನೀರು ಒಳಗೆ ಬರುವುದಿಲ್ಲ, ನಿಜ. ಆದರೆ ಒಳಗಿನ ಬೆವರು ಹೊರಗೆ ಹೋಗುವುದೂ ಇಲ್ಲ. ಹತ್ತು ನಿಮಿಷ ಏರು ಹತ್ತಿದರೆ ಒಳಗಿನಿಂದಲೇ ನೆನೆಯುತ್ತೇವೆ. ಇದಕ್ಕೆ ಪರಿಹಾರವಾಗಿ ಬಂದದ್ದು ‘ಉಸಿರಾಡುವ’ ಬಟ್ಟೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಒಂದು ಬಗೆಯ ಪ್ಲಾಸ್ಟಿಕ್ಕನ್ನು ಥಟ್ಟನೆ ಎಳೆದು ಹಿಗ್ಗಿಸಿ, ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಮೂಡುವಂತೆ ಮಾಡಿದರು. ಆ ರಂಧ್ರ ನೀರಿನ ಹನಿಗಿಂತ ತೀರಾ ಚಿಕ್ಕದು, ಬೆವರಿನ ಆವಿಯ ಅಣುವಿಗಿಂತ ದೊಡ್ಡದು. ಹನಿ ಒಳಗೆ ಬಾರದು, ಆವಿ ಹೊರಗೆ ಹೋಗಬಲ್ಲದು.

ಆದರೆ ಇಲ್ಲೊಂದು ಗುಟ್ಟಿದೆ. ಹೊರಗಿನ ಗಾಳಿ ಒಳಗಿಗಿಂತ ಒಣಗಿದ್ದರೆ ಆವಿ ಸುಲಭವಾಗಿ ಹೊರಗೆ ಹೋಗುತ್ತದೆ. ನಮ್ಮ ಜುಲೈ ತಿಂಗಳ ಮಳೆಯಲ್ಲಿ ಗಾಳಿಯೇ ತೊಟ್ಟಿಕ್ಕುತ್ತಿರುತ್ತದೆ. ಆಗ ಎಷ್ಟು ಬೆಲೆಯ ಕೋಟಾದರೂ ಅಷ್ಟಾಗಿ ಉಸಿರಾಡುವುದಿಲ್ಲ. ಹೀಗಾಗಿ ತಗ್ಗಿನ ದಾರಿಯಲ್ಲಿ ನಡೆಯುವವರಿಗೆ ನಾನು ಹೇಳುವುದು ಗಾಳಿ ಆಡುವ ಸಡಿಲ ಪಾಂಚೊ, ಇಲ್ಲವೇ ಮನೆಯಲ್ಲಿರುವ ಕೊಡೆ. ಗೊರಬಿನ ಬುದ್ಧಿಯೇ ಅದು. ಬೆಟ್ಟದ ನೆತ್ತಿಯಲ್ಲಿ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಅಲ್ಲಿಗೆ ಮಾತ್ರ ಒಳ್ಳೆಯ ಕೋಟು ಬೇಕು.

ಕಂಬಳಿಯ ವಿಷಯವೂ ಹೀಗೆಯೇ. ಹತ್ತಿ ಬಟ್ಟೆ ನೀರು ಹೀರಿ ಮೈಗೆ ಅಂಟಿಕೊಳ್ಳುತ್ತದೆ. ಆ ನೀರು ಆರುವಾಗ ಮೈಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಉಣ್ಣೆ ತುಸು ಒದ್ದೆಯಾದರೂ ಬೆಚ್ಚಗಿಡುತ್ತದೆ, ಏಕೆಂದರೆ ಅದರ ಸುರುಳಿ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಕುರಿ ಕಾಯುವವರು ಚಳ್ಳಕೆರೆ ಕಂಬಳಿಯನ್ನು ಮಳೆಗೂ ಚಳಿಗೂ ಹೊದ್ದದ್ದು ಸುಮ್ಮನೆ ಅಲ್ಲ. ಆದ್ದರಿಂದ “ಜೀನ್ಸ್ ಹಾಕಿಕೊಂಡು ಮಳೆಯಲ್ಲಿ ಹೋಗಬೇಡ ಮಗಾ, ಅಜ್ಜಿ ಹೆಣೆದ ಸ್ವೆಟರ್ ಬ್ಯಾಗಿಗೆ ಹಾಕಿಕೋ” ಎಂದು ಮಕ್ಕಳಿಗೆ ಹೇಳುತ್ತೇನೆ. ಅದರಿಂದ ನನ್ನ ಜಾಕೆಟ್ ಒಂದು ಕಡಿಮೆ ಮಾರಾಟವಾಗುತ್ತದೆ. ಆಗಲಿ.

ಮೇಲೆ ಎಷ್ಟು ಚಳಿ?

ಇದನ್ನು ಶಾಲೆಯ ಮಕ್ಕಳೇ ಲೆಕ್ಕ ಹಾಕಬಹುದು. ಪ್ರತಿ 1,000 ಮೀಟರ್ ಎತ್ತರಕ್ಕೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ನಮ್ಮ ಪೇಟೆ ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ವ್ಯತ್ಯಾಸ 840 ಮೀಟರ್. ಅಂದರೆ ಪೇಟೆಯಲ್ಲಿ 20 ಡಿಗ್ರಿ ಇದ್ದರೆ ಮೇಲೆ ಹೆಚ್ಚುಕಡಿಮೆ 15. ಇದರ ಜೊತೆಗೆ ಗಾಳಿ, ಮಂಜು, ಒದ್ದೆ ಬಟ್ಟೆ ಸೇರಿದರೆ ಹಲ್ಲು ಕಟಕಟ ಎನ್ನುತ್ತದೆ. ಪೇಟೆಯ ಬಿಸಿಲು ನೋಡಿ ಹೊರಟವರೇ ಮೇಲೆ ನಡುಗುವುದು.

ಬೂಟು ಕೊಳ್ಳಲು ಸಂಜೆ ಬನ್ನಿ

ಇಡೀ ದಿನ ನಡೆದ ಪಾದ ಸಂಜೆ ಹೊತ್ತಿಗೆ ತುಸು ಊದಿಕೊಂಡಿರುತ್ತದೆ. ಬೆಟ್ಟದಲ್ಲೂ ಹಾಗೆಯೇ ಊದುತ್ತದೆ. ಹಾಗಾಗಿ ಅಳತೆ ನೋಡಲು ಸಂಜೆಯೇ ಸರಿ. ದಪ್ಪ ಕಾಲುಚೀಲ ಹಾಕಿಕೊಂಡೇ ನೋಡಬೇಕು. ಬೆರಳ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಅಂಗಡಿಯಲ್ಲಿ ನಾವೊಂದು ಇಳಿಜಾರು ಹಲಗೆ ಇಟ್ಟಿದ್ದೇವೆ. ಅದರ ಮೇಲೆ ಇಳಿಯುವಾಗ ಬೆರಳು ಬೂಟಿನ ಮೂತಿಗೆ ತಾಗಿದರೆ ಆ ಬೂಟು ಬೇಡ. ಬೆಟ್ಟ ಇಳಿದು ಬರುವಷ್ಟರಲ್ಲಿ ಉಗುರು ಕಪ್ಪಾಗಿರುತ್ತದೆ.

ಒಮ್ಮೆ ಒಬ್ಬ ಅಜ್ಜ ಮೊಮ್ಮಗಳಿಗೆ ಬೂಟು ಕೊಡಿಸಲು ಬಂದಿದ್ದರು. ಹುಡುಗಿ ಐದನೇ ತರಗತಿ. ಬೂಟು ಹಾಕಿ ಹಲಗೆಯ ಮೇಲೆ ಹತ್ತಾರು ಸಲ ಹತ್ತಿ ಇಳಿದಳು.

“ಅಜ್ಜಯ್ಯ, ನಿಮಗೆ?” ಎಂದು ಕೇಳಿದಳು.

“ನನಗ್ಯಾಕೆ ಪುಟ್ಟಿ? ನಾನು ಕೆಳಗೆ ಕಾರಿನಲ್ಲೇ ಕೂತಿರ್ತೀನಿ. ಮಂಡಿ ಕೇಳಬೇಕಲ್ಲ!”

“ನೀವು ಬರದಿದ್ದರೆ ನಾನೂ ಹೋಗಲ್ಲ.”

ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಅಜ್ಜ ಹೇಳಿದ್ದು ಸರಿಯೇ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರ ಮಂಡಿಯ ಮೇಲೆ ಬೀಳುತ್ತದೆ. ಎರಡು ಕೋಲು ಹಿಡಿದರೆ ಆ ಭಾರದ ಒಂದು ಪಾಲನ್ನು ಕೈಗಳು ಹೊರುತ್ತವೆ. ಸಮತಟ್ಟಿನಲ್ಲಿ ಕೋಲು ಹಿಡಿದಾಗ ಮೊಣಕೈ ಲಂಬಕೋನದಲ್ಲಿ ಮಡಚಿರಬೇಕು. ಹತ್ತುವಾಗ ಕೋಲು ಸ್ವಲ್ಪ ಗಿಡ್ಡ, ಇಳಿಯುವಾಗ ಸ್ವಲ್ಪ ಉದ್ದ. ಅಜ್ಜನಿಗೆ ನಾನು ಕೋಲುಗಳನ್ನು ಮಾರಲಿಲ್ಲ, ಒಂದು ದಿನದ ಬಾಡಿಗೆಗೆ ಕೊಟ್ಟೆ. “ಮೊದಲು ಹಿರೇಕೊಳಲೆ ಕೆರೆ ಏರಿ ಮೇಲೆ ನಡೆದು ನೋಡಿ, ಗಿರಿ ಆಮೇಲೆ” ಎಂದೆ. ಎರಡು ವಾರ ಬಿಟ್ಟು ಹುಡುಗಿಯೇ ಕೋಲು ತಂದು ಕೊಟ್ಟಳು. “ಅಜ್ಜಯ್ಯ ಮೆಟ್ಟಿಲು ಪೂರ್ತಿ ಹತ್ತಿದರು ಅಂಕಲ್. ನಾಲ್ಕು ಕಡೆ ಕೂತರು ಅಷ್ಟೇ” ಎಂದಳು.

ಅಂಗಡಿಯ ವರ್ಷ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಸಾಮಾನು ಹೋಗುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಬೂಟು, ಬ್ಯಾಗು, ಸ್ಲೀಪಿಂಗ್ ಬ್ಯಾಗು. ಮಾರ್ಚ್‌ನಲ್ಲಿ ಪರೀಕ್ಷೆ, ಬಿಸಿಲು. ಆಗ ನಾನು ಜಿಪ್ ರಿಪೇರಿ ಮಾಡುತ್ತಾ, ಟೆಂಟಿನ ಹೊಲಿಗೆಗೆ ಅಂಟು ಹಚ್ಚುತ್ತಾ ಕೂರುತ್ತೇನೆ. ಇಲ್ಲಿ ಅಳತೆ ನೋಡಿ, ಫೋಟೊ ಹೊಡೆದುಕೊಂಡು, ಮನೆಗೆ ಹೋಗಿ ಫೋನಿನಲ್ಲಿ ತರಿಸಿಕೊಳ್ಳುವವರು ಬಹಳ. ಕೆಲವು ತಿಂಗಳು ಬಾಡಿಗೆ ಕಟ್ಟುವುದೇ ಕಷ್ಟವಾಗುತ್ತದೆ. ಅಂಗಡಿ ಉಳಿದಿರುವುದು ರಿಪೇರಿಯಿಂದ, ಬಾಡಿಗೆಗೆ ಕೊಡುವ ಸಾಮಾನಿನಿಂದ, ಮತ್ತೆ ಒಂದು ಹಳೆಯ ಪೆಟ್ಟಿಗೆಯಿಂದ. ಮಕ್ಕಳ ಕಾಲು ಬೇಗ ಬೆಳೆಯುತ್ತದೆ. ಚಿಕ್ಕದಾದ ಬೂಟನ್ನು ತೊಳೆದು ತಂದು ಆ ಪೆಟ್ಟಿಗೆಗೆ ಹಾಕಿದರೆ, ಮುಂದಿನ ಅಳತೆಯದಕ್ಕೆ ಬೆಲೆ ಕಡಿಮೆ ಮಾಡುತ್ತೇವೆ. ಹಳೆಯದು ಇನ್ನೊಂದು ಮಗುವಿನ ಕಾಲಿಗೆ ಹೋಗುತ್ತದೆ. ಒಂದೇ ಜೊತೆ ಬೂಟು ಮೂವರು ಮಕ್ಕಳ ಜೊತೆ ಗಿರಿ ಹತ್ತಿದ್ದೂ ಇದೆ.

ಇಂಬಳಕ್ಕೆ ಹೆದರಬೇಡಿ

ನಮ್ಮಲ್ಲಿ ಇಂಬಳ, ಕೆಲವರ ಬಾಯಲ್ಲಿ ಉಂಬಳ. ಮಳೆಗಾಲದ ದಾರಿಯಲ್ಲಿ ಇದು ಖಾಯಂ ಜೊತೆಗಾರ. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ನೋಡಿದಾಗಲೇ ತಿಳಿಯುವುದು. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇದೆ, ಅದಕ್ಕೇ ಗಾಯ ಸ್ವಲ್ಪ ಹೊತ್ತು ಸೋರುತ್ತದೆ. ಎಳೆದು ಕೀಳಬೇಡಿ. ಉಗುರಿನಿಂದ ಅದರ ಬಾಯಿಯ ಕಡೆ ಮೆಲ್ಲಗೆ ಸರಿಸಿದರೆ ಬಿಡುತ್ತದೆ. ಆಮೇಲೆ ತೊಳೆದು ಒತ್ತಿ ಹಿಡಿಯಿರಿ. ಒತ್ತಾಗಿ ನೇಯ್ದ ಬಟ್ಟೆಯ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಮಂಡಿಯವರೆಗೆ ಎಳೆದು ಕಟ್ಟಿದರೆ ಇಂಬಳಕ್ಕೆ ಒಳಗೆ ದಾರಿ ಇರುವುದಿಲ್ಲ.

ಒಂದು ಸೀಟಿ, ಒಂದು ಎಣಿಕೆ

ಅಂಗಡಿಯಲ್ಲಿ ತೀರಾ ಅಗ್ಗದ ವಸ್ತು ಸೀಟಿ. ಮಗುವಿಗೆ ಬೂಟು ಕೊಂಡರೆ ಅದನ್ನು ಉಚಿತವಾಗಿ ಕೊಡುತ್ತೇನೆ. ಮಂಜಿನಲ್ಲಿ ದಾರಿ ತಪ್ಪಿದರೆ ಕೂಗಿದ ದನಿ ಬೇಗ ಸೋಲುತ್ತದೆ, ಸೀಟಿ ಸೋಲುವುದಿಲ್ಲ. ಪರ್ವತಾರೋಹಿಗಳ ಸಂಕೇತ ಹೀಗಿದೆ: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿರಿ, ಮತ್ತೆ ಆರು ಸಲ ಊದಿ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ. ರಾತ್ರಿ ಟಾರ್ಚಿನಿಂದಲೂ ಹೀಗೇ ಮಾಡಬಹುದು. ಬೇಕಿಲ್ಲದಾಗ ಮಾತ್ರ ಊದಬಾರದು.

ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಗುಡುಗು ಸಿಡಿಲು ಬರುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ, ಮೂರರಿಂದ ಭಾಗಿಸಿ. ಸಿಡಿಲು ಅಷ್ಟು ಕಿಲೋಮೀಟರ್ ದೂರದಲ್ಲಿದೆ. ಎಣಿಕೆ ಮೂವತ್ತಕ್ಕಿಂತ ಕಡಿಮೆ ಆದರೆ ನೆತ್ತಿಯಲ್ಲಿ ನಿಲ್ಲಬೇಡಿ, ಕೂಡಲೇ ಇಳಿದು ಕಟ್ಟಡ ಅಥವಾ ಕಾರಿನೊಳಗೆ ಸೇರಿಕೊಳ್ಳಿ. ಒಂಟಿ ಮರದ ಕೆಳಗೆ ನಿಲ್ಲಬಾರದು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು.

ಬೆಟ್ಟವೇ ಆಗಬೇಕೆಂದಿಲ್ಲ

ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಏರಿ ಮೇಲೆ ಬೆಳಗ್ಗೆ ಒಂದು ಗಂಟೆ ಕೂತರೆ ಸಾಕು, ಹಕ್ಕಿಗಳೇ ಬರುತ್ತವೆ. ದುರ್ಬೀನಿನ ಮೇಲೆ 8×42 ಎಂದು ಬರೆದಿದ್ದರೆ ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂದು ಹೇಳುತ್ತದೆ. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ಗಳಲ್ಲಿ. ಹೆಚ್ಚು ಪಟ್ಟು ಇದ್ದರೆ ಒಳ್ಳೆಯದು ಎಂದೇನೂ ಇಲ್ಲ. ಕೈ ಸ್ವಲ್ಪ ನಡುಗಿದರೂ ಚಿತ್ರ ಕುಣಿಯುತ್ತದೆ. ಅಜ್ಜ ಅಜ್ಜಿಯರಿಗೂ ಮಕ್ಕಳಿಗೂ ಎಂಟು ಪಟ್ಟಿನದೇ ವಾಸಿ. ಹಳ್ಳದ ದಾರಿಯಲ್ಲಿ ಯಾರೋ ಹುಡುಗ ರಾಗವಿಲ್ಲದೆ ಸಿಳ್ಳೆ ಹಾಕಿದಂತೆ ಕೇಳಿದರೆ ದುರ್ಬೀನು ಎತ್ತಿ ಹುಡುಕಿ. ಅದು ಸಿಳ್ಳಾರ ಹಕ್ಕಿ.

ಬಾಡಿಗೆಗೆ ಕೊಡದ ಟೆಂಟು

“ಗಿರಿಯ ಮೇಲೆ ಹುಲ್ಲಿನಲ್ಲಿ ಟೆಂಟು ಹಾಕುತ್ತೇವೆ, ಕೊಡಿ” ಎಂದು ಕೇಳುವವರಿದ್ದಾರೆ. ಅನುಮತಿ ಪತ್ರ ತೋರಿಸದಿದ್ದರೆ ಕೊಡುವುದಿಲ್ಲ. ವ್ಯಾಪಾರ ಹೋಗುತ್ತದೆ, ಕೆಲವರು ಸಿಟ್ಟಾಗುತ್ತಾರೆ. ಆದರೆ ಚಂದ್ರದ್ರೋಣ ಪರ್ವತದ ಹುಲ್ಲುಗಾವಲು ಸುಮ್ಮನೆ ಬಿದ್ದಿರುವ ಬಯಲಲ್ಲ. ಮಳೆ ನೀರನ್ನು ಹಿಡಿದಿಟ್ಟು, ಮಡಿಲಿನ ಶೋಲಾ ಕಾಡಿನ ಮೂಲಕ ನಿಧಾನವಾಗಿ ಹಳ್ಳಕ್ಕೆ ಬಿಡುವುದು ಅದೇ. ಇಲ್ಲಿ ಹುಟ್ಟಿದ ವೇದಾವತಿ ಕಡೂರಿನ ಕಡೆ ಇಳಿದು, ಹಿರಿಯೂರು ಬಳಿಯ ವಾಣಿವಿಲಾಸ ಸಾಗರವನ್ನು ತುಂಬಿಸುತ್ತದೆ. ನಮ್ಮ ಹುಲ್ಲು ತುಳಿದರೆ ಬಯಲುಸೀಮೆಯ ಬಾವಿಗೂ ತಾಗುತ್ತದೆ.

ಇದೇ ಹುಲ್ಲಿನ ನಡುವೆ 2022ರಲ್ಲಿ ಕುರಿಂಜಿ ಅರಳಿ ಇಳಿಜಾರುಗಳೆಲ್ಲ ನೀಲಿಯಾಗಿದ್ದವು. ನೀಲಕುರಿಂಜಿ ಅರಳುವುದು 12 ವರ್ಷಕ್ಕೊಮ್ಮೆ. ಲೆಕ್ಕದ ಪ್ರಕಾರ ಮುಂದಿನದು 2034. ಆಗ ಕಿತ್ತುಕೊಂಡು ಹೋದ ಗಿಡಗಳು, ಚಕ್ರದಡಿ ಸಿಕ್ಕ ಗಿಡಗಳು ಬೀಜ ಉದುರಿಸಿಲ್ಲ. ಅಷ್ಟರ ಮಟ್ಟಿಗೆ 2034ರ ಹೂವು ಕಡಿಮೆ. ಅಂದು ಹತ್ತಿ ಬರುವ ಮಕ್ಕಳಿಗೆ ಏನು ಉಳಿದಿರುತ್ತದೆ ಎನ್ನುವುದು ಈಗ ನಾವು ಎಲ್ಲಿ ಕಾಲಿಡುತ್ತೇವೆ ಎನ್ನುವುದರ ಮೇಲಿದೆ.

ಮೊದಲ ಸಲ ಹೊರಡುವವರ ಚೀಲದಲ್ಲಿ ಇರಲಿ

* ಒಬ್ಬರಿಗೆ ಕನಿಷ್ಠ ಒಂದು ಲೀಟರ್ ನೀರು. ಬೆಲ್ಲ, ಕಡಲೆಬೀಜ, ಚಪಾತಿ.
* ಸ್ವೆಟರ್, ಒಣ ಕಾಲುಚೀಲ, ತಲೆ ಮುಚ್ಚುವ ಟೋಪಿ – ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ.
* ಟಾರ್ಚು, ಸೀಟಿ, ಅಜ್ಜ ಅಜ್ಜಿಯರ ದಿನನಿತ್ಯದ ಮಾತ್ರೆ.
* ಮಗುವಿನ ಬ್ಯಾಗು ಶಾಲೆಯ ಬ್ಯಾಗಿನಂತೆಯೇ ಮೈತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಭಾರದ ಸಾಮಾನು ಬೆನ್ನಿಗೆ ಹತ್ತಿರ ಇರಲಿ.
* ದಾರಿ ತೆರೆದಿದೆಯೇ, ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೊರಡಿ.
* ಕಸ ತುಂಬಲು ಒಂದು ಖಾಲಿ ಚೀಲ. ಒಯ್ದದ್ದೆಲ್ಲ ವಾಪಸ್ ಬರಲಿ.

ಇದರಲ್ಲಿ ಹೆಚ್ಚಿನದು ನಿಮ್ಮ ಮನೆಯಲ್ಲೇ ಇದೆ. ಮೊದಲು ಹೋಗಿ ಬನ್ನಿ. ಏನು ಕಡಿಮೆ ಬಿತ್ತು ಎಂದು ಗೊತ್ತಾದ ಮೇಲೆ ಅಂಗಡಿಗೆ ಬಂದರಾಯಿತು.