ಲೆಕ್ಕ ಒಪ್ಪಿಸುವುದೂ ಸೇವೆಯೇ: ಯಾಜಕರೂ ನಿರ್ವಹಣಾ ಶಿಕ್ಷಣವೂ

ಜೆರುಸಲೇಮಿನ ಬಡವರಿಗಾಗಿ ಸಂಗ್ರಹವಾದ ಕಾಣಿಕೆಯ ಹೊಣೆಯನ್ನು ಸಂತ ಪೌಲನು ಒಬ್ಬನೇ ಹೊರಲಿಲ್ಲ. ಸಭೆಗಳು ಆರಿಸಿದ ಸಹೋದರನೊಬ್ಬನನ್ನು ಜೊತೆಗಿಟ್ಟುಕೊಂಡನು. ದೇವರ ಮುಂದೆ ಮಾತ್ರವಲ್ಲದೆ ಜನರ ಮುಂದೆಯೂ ತಮ್ಮ ನಡತೆ ನಿಷ್ಕಳಂಕವಾಗಿರಬೇಕೆಂಬುದು ಅವನ ಕಾಳಜಿಯಾಗಿತ್ತು (2 ಕೊರಿಂಥ 8:19–21). ಲಾಭರಹಿತ ಸಂಸ್ಥೆಗಳ ನಿರ್ವಹಣೆಯನ್ನು ಕಲಿಸುವ ಸ್ನಾತಕೋತ್ತರ ಪ್ರಮಾಣಪತ್ರ ಅಧ್ಯಯನವು ಯಾಜಕನಿಗೆ ತಕ್ಕುದೇ ಎಂಬ ಪ್ರಶ್ನೆಯನ್ನು ನಾವು ಇಲ್ಲಿಂದಲೇ ಪರಿಶೀಲಿಸಬೇಕು.

ಈ ಅಧ್ಯಯನವು ಪೂರ್ಣ ಸ್ನಾತಕೋತ್ತರ ಪದವಿಗಿಂತ ಚಿಕ್ಕದು. ಆಡಳಿತ ಮಂಡಳಿಯ ಹೊಣೆ, ನಿಧಿಸಂಗ್ರಹ, ಆಯವ್ಯಯ, ಸಿಬ್ಬಂದಿ, ಕಾನೂನು, ಕಾರ್ಯದ ಫಲವನ್ನು ಅಳೆಯುವ ಕ್ರಮ ಇವು ಅದರ ಮುಖ್ಯ ವಿಷಯಗಳು. ವ್ಯಾಪಾರ ಸಂಸ್ಥೆಗೆ ಪಾಲುದಾರರಿರುತ್ತಾರೆ, ಲಾಭವೇ ಅದರ ಅಳತೆಗೋಲು. ಇಲ್ಲಿ ಅಂಥ ಒಡೆಯರಿಲ್ಲ. ದಾನಿಯ ಉದ್ದೇಶವೂ ಬಡವನ ಅಗತ್ಯವೂ ಆ ಸ್ಥಾನದಲ್ಲಿವೆ.

ಕಾವೇರಿಯು ಕೊಡಗನ್ನು ಬಿಟ್ಟು ಹೊರಡುವ ಶಿರಂಗಾಲದಲ್ಲಿ ಕುಳಿತು ಬರೆಯುವ ನಮಗೆ 2018ರ ಆಗಸ್ಟ್ ತಿಂಗಳು ಮರೆಯುವಂಥದ್ದಲ್ಲ. ಆಗ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಗುಡ್ಡಗಳು ಕುಸಿದು ಜನರು ಪರಿಹಾರ ಶಿಬಿರಗಳನ್ನು ಸೇರಿದರು. ಅಂಥ ಸಂದರ್ಭದಲ್ಲಿ ಮನೆ ಕಳೆದುಕೊಂಡವರಿಗೆಂದು ಬಂದ ಹಣದಲ್ಲಿ ಸ್ವಲ್ಪ ಉಳಿಯಿತೆನ್ನೋಣ. ದೇವಾಲಯದ ಮಾಡೂ ಸೋರುತ್ತಿದೆ. ಆ ಹಣವನ್ನು ಮಾಡಿಗೆ ಬಳಸಬಹುದೇ? ಸದುದ್ದೇಶದ ಯಾಜಕನೂ ಎಡವುವುದು ಇಲ್ಲಿಯೇ.

1983ರ ಧರ್ಮಸಭೆಯ ಕಾನೂನು ಸಂಹಿತೆಯ ಉತ್ತರ ಸ್ಪಷ್ಟ: ನಿರ್ದಿಷ್ಟ ಉದ್ದೇಶಕ್ಕಿತ್ತ ಕಾಣಿಕೆ ಅದೇ ಉದ್ದೇಶಕ್ಕೆ ಸಲ್ಲಬೇಕು (ವಿಧಿ 1267). ಆದಾಯ, ವೆಚ್ಚಗಳ ಪುಸ್ತಕಗಳನ್ನು ಕ್ರಮವಾಗಿ ಇಡಬೇಕು (1284). ಭಕ್ತವಿಶ್ವಾಸಿಗಳು ಕೊಟ್ಟದ್ದರ ಲೆಕ್ಕವನ್ನು ಅವರಿಗೂ ಒಪ್ಪಿಸಬೇಕು (1287). ದೇಶದ ಕಾನೂನೂ ಬಿಗಿಯಾಗಿದೆ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು, ಅಂಥ ಹಣವನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವುದನ್ನೂ ನಿಷೇಧಿಸಿತು. ಇದನ್ನರಿಯದೆ ಒಂದು ಸಂಸ್ಥೆಯ ಹಣವನ್ನು ಇನ್ನೊಂದಕ್ಕೆ ಕೊಟ್ಟರೆ, ಅದು ದಯೆಯಿಂದ ಕೊಟ್ಟದ್ದಾದರೂ ಉಲ್ಲಂಘನೆಯೇ.

ಆದರೆ ಲೆಕ್ಕವು ಮೇಲಿನವರಿಗೆ ಮಾತ್ರ ಸಲ್ಲುವುದಲ್ಲ. ಗ್ರೀಕ್ ಭಾಷೆಯ ವಿಧವೆಯರು ದಿನದ ಹಂಚಿಕೆಯಲ್ಲಿ ಕಡೆಗಣಿಸಲ್ಪಟ್ಟಾಗ, ಸಭೆಯು ಆರಿಸಿದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ (ಪ್ರೇಷಿತರ ಕಾರ್ಯಕಲಾಪಗಳು 6:1–6). ದೂರಿದವರ ಬಳಗಕ್ಕೇ ಹೊಣೆ ದೊರೆಯಿತೆಂದು ಇದರಿಂದ ಊಹಿಸಬಹುದು. ನಮ್ಮ ನೆರೆಯಲ್ಲೂ ಇದಕ್ಕೆ ಹೋಲುವ ನಿದರ್ಶನವಿದೆ. ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆಯು ಮುಂದೆ ಸ್ವಸಹಾಯ ಸಂಘಗಳನ್ನು ಬೆಳೆಸಿದಾಗ, ಉಳಿತಾಯ, ಸಾಲಗಳ ನಿರ್ಧಾರವೂ ಲೆಕ್ಕದ ಪುಸ್ತಕವೂ ಬಡವರ ಕೈಗೇ ಬಂದವು. ಅಲ್ಲಿ ನೆರವು ಪಡೆಯುವವರೇ ನಿರ್ವಾಹಕರು.

ನಿರ್ವಹಣಾಶಾಸ್ತ್ರಕ್ಕೂ ಒಂದು ಮಿತಿಯುಂಟು. ಎಷ್ಟು ಮನೆಗಳು ಎದ್ದವೆಂದು ಅದು ಎಣಿಸಬಲ್ಲದು. ಆ ಮನೆಯವರನ್ನು ನಾವು ಸಹೋದರರೆಂದು ಕಂಡೆವೋ, ಫಲಾನುಭವಿಗಳೆಂದು ಕಂಡೆವೋ ಎಂಬುದನ್ನು ಅಳೆಯಲಾರದು. ಆ ವಿವೇಚನೆ ದೈವಶಾಸ್ತ್ರದ್ದು. ಯಾಜಕರೆಲ್ಲರೂ ಈ ಪ್ರಮಾಣಪತ್ರವನ್ನು ಪಡೆಯಬೇಕಾಗಿಲ್ಲ. ಧರ್ಮಕೇಂದ್ರದ ಹಣಕಾಸು ಮಂಡಳಿಯಲ್ಲಿ ಬಲ್ಲ ಶ್ರೀಸಾಮಾನ್ಯರಿಗೆ ನಿಜವಾದ ಸ್ಥಾನ ಕೊಟ್ಟರೆ ಅರ್ಧ ಕಾರ್ಯ ನಡೆದಂತೆ. ಸಮಾಜಸೇವಾ ಸಂಸ್ಥೆಯ ಹೊಣೆ ಹೊರುವ ಯಾಜಕನಾದರೋ ಇದನ್ನು ಕಲಿತೇ ಹೊರಡಲಿ. ಬಡವರ ಹೆಸರಿನಲ್ಲಿ ಬಂದದ್ದು ಬಡವರ ಮನೆ ಸೇರಿತೆಂದು ಅವರೆದುರೇ ತೋರಿಸಬಲ್ಲವನು ಪೌಲನ ದಾರಿಯಲ್ಲೇ ನಡೆಯುತ್ತಾನೆ.